ಎರಡಿಂಚು ನೀರಿನ ಕಾವಲು

2003ರ ಮಾರ್ಚ್ ತಿಂಗಳು. ಹಾಂಗ್‌ಕಾಂಗ್‌ನ ಕೌಲೂನ್ ಭಾಗದ ಅಮೋಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಒಬ್ಬರ ಬೆನ್ನಿಗೆ ಒಬ್ಬರು ಜ್ವರ ಬಂದು ಮಲಗತೊಡಗಿದರು. ಅದು ಸಾರ್ಸ್. ಏಪ್ರಿಲ್ ಮಧ್ಯದ ಹೊತ್ತಿಗೆ ಆ ಒಂದೇ ಸಮುಚ್ಚಯದಲ್ಲಿ 321 ಮಂದಿಗೆ ಸೋಂಕು ತಗುಲಿತ್ತು. ಕೊನೆಗೆ 42 ಮಂದಿ ತೀರಿಕೊಂಡರು. ಎಲ್ಲಕ್ಕಿಂತ ಹೆಚ್ಚು ಪೆಟ್ಟು ತಿಂದದ್ದು 'ಇ' ಬ್ಲಾಕ್. ಅಲ್ಲಿ ರೋಗ ಹಬ್ಬಿದ ರೀತಿ ವೈದ್ಯರನ್ನು ಗೊಂದಲಕ್ಕೆ ತಳ್ಳಿತು. ಒಂದೇ ಅಂತಸ್ತಿನ ಅಕ್ಕಪಕ್ಕದ ಮನೆಗಳಿಗಿಂತ, ಒಂದರ ಮೇಲೊಂದು ನಿಂತು ಒಂದೇ ಪೈಪ್ ಸಾಲನ್ನು ಹಂಚಿಕೊಂಡಿದ್ದ ಮನೆಗಳಲ್ಲಿ ರೋಗಿಗಳು ಹೆಚ್ಚಾಗಿದ್ದರು.

ತನಿಖೆ ಬಂದು ನಿಂತದ್ದು ಬಚ್ಚಲ ನೆಲದ ಜಾಲರಿಯ ಮುಂದೆ. ಅಲ್ಲಿನ ಮನೆಯವರು ಬಚ್ಚಲ ನೆಲವನ್ನು ನೀರು ಹೊಯ್ದು ತೊಳೆಯುವುದಕ್ಕಿಂತ ಬಟ್ಟೆಯಿಂದ ಒರೆಸುವುದೇ ಹೆಚ್ಚು. ಹೀಗಾಗಿ ಜಾಲರಿಯ ಕೆಳಗಿನ ಬಾಗಿದ ಪೈಪಿನಲ್ಲಿ ಸದಾ ನಿಂತಿರಬೇಕಿದ್ದ ನೀರು ಅನೇಕ ಮನೆಗಳಲ್ಲಿ ಆರಿಹೋಗಿತ್ತು. ಬಾಗಿಲು ಹಾಕಿಕೊಂಡು ಎಕ್ಸಾಸ್ಟ್ ಫ್ಯಾನ್ ತಿರುಗಿಸಿದರೆ ಅದು ಪೈಪಿನೊಳಗಿನ ಗಾಳಿಯನ್ನೇ ಮನೆಯೊಳಕ್ಕೆ ಎಳೆಯುತ್ತಿತ್ತು. ಭೇದಿಯಿಂದ ಬಳಲುತ್ತಿದ್ದ ಒಬ್ಬ ರೋಗಿ ಆ ಬ್ಲಾಕಿನ ಶೌಚಾಲಯ ಬಳಸಿದ್ದರು. ಅಲ್ಲಿಂದ ಪೈಪಿಗಿಳಿದ ವೈರಸ್ಸು ಕಣ್ಣಿಗೆ ಕಾಣದ ತುಂತುರಾಗಿ ಒಣಗಿದ ಜಾಲರಿಗಳ ಮೂಲಕ ಮೇಲೆ ಬಂದಿರಬೇಕು ಎಂಬ ತೀರ್ಮಾನಕ್ಕೆ ಹಾಂಗ್‌ಕಾಂಗ್ ಆರೋಗ್ಯ ಇಲಾಖೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಬಂದವು.

ಪ್ಲಂಬರುಗಳು ಟ್ರ್ಯಾಪ್ ಎಂದು ಕರೆಯುವ ಆ ಬಾಗಿದ ಪೈಪು ನಮ್ಮ ಮನೆಗಳಲ್ಲೂ ಇದೆ, ಅಥವಾ ಇರಬೇಕು: ಅಡುಗೆಮನೆಯ ಸಿಂಕಿನ ಕೆಳಗೆ, ಕೈತೊಳೆಯುವ ಬೇಸಿನ್ನಿನ ಅಡಿಯಲ್ಲಿ, ಬಚ್ಚಲ ಮೂಲೆಯಲ್ಲಿ, ವಾಷಿಂಗ್ ಮಷೀನ್ ಇಟ್ಟ ಯುಟಿಲಿಟಿಯ ನೆಲದಲ್ಲಿ. ಅದರ ಕೆಲಸ ಸರಳ. ಪೈಪು ಕೆಳಕ್ಕೆ ಬಾಗಿ, ಮತ್ತೆ ಮೇಲೆದ್ದು, ಆಮೇಲೆ ಮುಂದಕ್ಕೆ ಹೋಗುತ್ತದೆ. ಸುರಿದ ನೀರಿನಲ್ಲಿ ಕೊನೆಯದಾಗಿ ಬಂದಷ್ಟು ಆ ತಗ್ಗಿನಲ್ಲೇ ಉಳಿಯುತ್ತದೆ. ಹೊಸ ನೀರು ಬಂದಾಗ ಹಳೆಯದನ್ನು ದೂಡಿ ಅದರ ಜಾಗದಲ್ಲಿ ತಾನು ನಿಲ್ಲುತ್ತದೆ. ಮೇಲಿಂದ ನೀರು ಇಳಿಯಬಹುದು, ಕೆಳಗಿಂದ ಗಾಳಿ ಏರಲಾಗದು. ಸ್ಪ್ರಿಂಗಿಲ್ಲ, ಮುಚ್ಚಳವಿಲ್ಲ, ಕರೆಂಟು ಬೇಡ.

ಹೀಗೆ ನಿಂತ ನೀರಿಗೆ ವಾಟರ್ ಸೀಲ್ ಎಂದು ಹೆಸರು. ಭಾರತದಲ್ಲಿ ಅದರ ಆಳ ಕನಿಷ್ಠ 50 ಮಿಲಿಮೀಟರ್ ಇರಬೇಕೆಂಬುದು ಸಾಮಾನ್ಯ ನಿಯಮ. ಬ್ರಿಟನ್ನಿನಲ್ಲಿ ಅಡುಗೆಮನೆಯ ಸಿಂಕಿಗೆ 75 ಮಿಲಿಮೀಟರ್ ಕೇಳುತ್ತಾರೆ. ನಮ್ಮ 50 ಮಿಲಿಮೀಟರ್ ಎಂದರೆ ಸುಮಾರು ಎರಡಿಂಚು. ಅಷ್ಟು ನೀರು ತಡೆಯಬಲ್ಲ ಒತ್ತಡ ವಾತಾವರಣದ ಒತ್ತಡದ ಸುಮಾರು ಇನ್ನೂರನೇ ಒಂದು ಪಾಲು ಮಾತ್ರ. ಪೈಪಿನೊಳಗಿನ ಗಾಳಿ ಶಾಂತವಾಗಿದ್ದರೆ ಅದು ಧಾರಾಳವಾಗಿ ಸಾಕು. ಗಾಳಿ ಕೆರಳಿದರೆ ಸಾಲದು. ಮನೆಯ ದುರ್ವಾಸನೆಯ ಕಥೆಗಳಲ್ಲಿ ಬಹುಪಾಲು ಹುಟ್ಟುವುದು ಇಲ್ಲೇ.

ಗಡಿಯಾರ ಮಾಡುವವನ ಉಪಾಯ

ಈ ಬಾಗಿದ ಪೈಪಿಗೆ ದಾರಿ ತೋರಿದವನು ಅಲೆಕ್ಸಾಂಡರ್ ಕಮಿಂಗ್. ಎಡಿನ್‌ಬರೋದಲ್ಲಿ ಹುಟ್ಟಿ ಲಂಡನ್ನಿನ ಬಾಂಡ್ ಸ್ಟ್ರೀಟಿನಲ್ಲಿ ಅಂಗಡಿ ಇಟ್ಟ ಗಡಿಯಾರ ತಯಾರಕ. ವಾಯುಭಾರವನ್ನು ದಾಖಲಿಸುವ ಗಡಿಯಾರವೊಂದನ್ನು ಮೂರನೇ ಜಾರ್ಜ್ ದೊರೆಗೆ ಮಾಡಿಕೊಟ್ಟವನು. 1775ರಲ್ಲಿ ಆತ ಪೇಟೆಂಟ್ ಪಡೆದ ಶೌಚಾಲಯದಲ್ಲಿ ಬಟ್ಟಲಿನ ಕೆಳಗಿನ ಪೈಪು ಇಂಗ್ಲಿಷಿನ 'ಎಸ್' ಅಕ್ಷರದಂತೆ ಬಾಗಿತ್ತು, ಬಾಗಿನಲ್ಲಿ ನೀರು ನಿಲ್ಲುತ್ತಿತ್ತು.

ಬಾಗಿದ ಪೈಪು ಬಂದ ಮಾತ್ರಕ್ಕೆ ಎಲ್ಲ ಮನೆಗಳೂ ಅದನ್ನು ಸರಿಯಾಗಿ ಹಾಕಿಕೊಂಡವು ಎಂದಲ್ಲ. ಒಂದು ಶತಮಾನ ಕಳೆದ ಮೇಲೂ ಇಂಗ್ಲೆಂಡಿನ ಸಿರಿವಂತರ ಬಂಗಲೆಗಳಲ್ಲಿ ಚರಂಡಿಯ ಗಾಳಿ ನೇರ ಕೋಣೆಗಳಿಗೆ ನುಗ್ಗುತ್ತಿತ್ತು. 1871ರಲ್ಲಿ ಯುವರಾಜ ಎಡ್ವರ್ಡ್ ಟೈಫಾಯ್ಡ್ ತಗುಲಿ ಸಾವಿನ ಬಾಗಿಲಿಗೆ ಹೋಗಿ ಬಂದ. ಆತ ತಂಗಿದ್ದ ಸ್ಕಾರ್ಬರೋ ಊರಿನ ಬಂಗಲೆಯ ಚರಂಡಿಯೇ ಕಾರಣವೆಂದು ಜನ ಬೆರಳು ತೋರಿದರು. 1878ರಲ್ಲಿ ಲೀಡ್ಸ್‌ನ ಶಸ್ತ್ರವೈದ್ಯ ಟಿ. ಪ್ರಿಡ್ಜಿನ್ ಟೀಲ್, ಮನೆಯೊಳಗಿನ ಕೊಳಾಯಿ ಮತ್ತು ಚರಂಡಿ ದೋಷಗಳನ್ನೆಲ್ಲ ಚಿತ್ರ ಬರೆಸಿ ತೋರಿಸುವ ಪುಸ್ತಕವನ್ನೇ ಪ್ರಕಟಿಸಿದ.

ಟೈಫಾಯ್ಡ್ ಹರಡುವುದು ಕೆಟ್ಟ ಗಾಳಿಯಿಂದಲ್ಲ, ಮಲಿನವಾದ ನೀರು ಮತ್ತು ಆಹಾರದಿಂದ ಎಂಬುದು ಆಮೇಲೆ ಖಚಿತವಾಯಿತು. ಆದರೂ ಟ್ರ್ಯಾಪ್ ಬೇಕೆಂದು ಹಟ ಹಿಡಿದವರು ಗಟ್ಟಿ ನೆಲದ ಮೇಲೇ ನಿಂತಿದ್ದರು. ಕೊಳಚೆ ಕೊಳೆಯುವಾಗ ಹುಟ್ಟುವ ಗಾಳಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಇರುತ್ತದೆ, ಬೆಂಕಿ ಹತ್ತಬಲ್ಲ ಮೀಥೇನ್ ಇರುತ್ತದೆ. ಕೊಳೆತ ಮೊಟ್ಟೆಯ ನಾತ ಬರುವುದು ಮೊದಲನೆಯದರಿಂದ. ಅದು ತೀರ ಅಲ್ಪವಿದ್ದಾಗ ಮೂಗು ಥಟ್ಟನೆ ಗುರುತಿಸುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗಿನ ಶಕ್ತಿಯೇ ಉಡುಗಿ, ನಾತ ಹೋಯಿತೆಂಬ ಭ್ರಮೆ ಹುಟ್ಟುತ್ತದೆ. ಮ್ಯಾನ್‌ಹೋಲಿಗೆ ಇಳಿದ ಕಾರ್ಮಿಕರು ಕ್ಷಣಗಳಲ್ಲಿ ಕುಸಿದು ಸಾಯುವುದಕ್ಕೆ ಮುಖ್ಯ ಕಾರಣ ಈ ಅನಿಲವೇ. ಸುರಕ್ಷೆಯ ಸಲಕರಣೆಗಳಿಲ್ಲದೆ ಮನುಷ್ಯರನ್ನು ಅಲ್ಲಿಗೆ ಇಳಿಸುವುದನ್ನು ಭಾರತದ 2013ರ ಕಾಯ್ದೆ ನಿಷೇಧಿಸಿದೆ. ಆದರೂ ಸಾವುಗಳು ನಿಂತಿಲ್ಲ. ಮನೆಯ ಬಚ್ಚಲಿಗೆ ಬರುವ ಪ್ರಮಾಣ ಅದರ ಮುಂದೆ ಏನೂ ಅಲ್ಲ, ತಲೆನೋವು, ಓಕರಿಕೆಯ ಮಟ್ಟದ್ದು. ಆದರೆ ಬರುವುದು ಅದೇ ಗಾಳಿ. ಅದೇ ದಾರಿಯಲ್ಲಿ ಜಿರಳೆಗಳೂ ಬರುತ್ತವೆ.

ಕರ್ನಾಟಕದ ಹಳೆಯ ಮನೆಗಳಿಗೆ ಇದರ ಗೊಡವೆ ಇರಲಿಲ್ಲ. ಬಚ್ಚಲ ನೀರು ಗೋಡೆಯ ತೂತಿನಿಂದ ಹೊರಬಿದ್ದು, ಸಣ್ಣ ಕಾಲುವೆಯಲ್ಲಿ ಹರಿದು, ತೆಂಗಿನ ಬುಡಕ್ಕೋ ಬಾಳೆಗೋ ಬಸಳೆ ಚಪ್ಪರಕ್ಕೋ ಸೇರುತ್ತಿತ್ತು. ನೀರು ಬಯಲಿಗೆ ಬೀಳುತ್ತಿದ್ದರಿಂದ ಗಾಳಿ ಒತ್ತಿ ಒಳಬರುವ ಪ್ರಸಂಗವೇ ಇಲ್ಲ. ಮುಚ್ಚಿದ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಮನೆಯನ್ನು ಜೋಡಿಸಿದ ದಿನದಿಂದ ಲೆಕ್ಕ ಬದಲಾಯಿತು. ಊರಿನ ಕೊಳಚೆಗೂ ಮನೆಯ ಅಡುಗೆಕೋಣೆಗೂ ನಡುವೆ ತಡೆ ಎಂದಿರುವುದು ಆ ಎರಡಿಂಚು ನೀರು ಮಾತ್ರ.

ಎಲ್ಲಿಗೆ ಯಾವುದು

ಬೇಸಿನ್ ಕೆಳಗೆ ಹೊಳೆಯುವ ಬಟ್ಟಲಿನಂತೆ ಕಾಣುವುದು ಬಾಟಲ್ ಟ್ರ್ಯಾಪ್. ಅದರ ತಳವನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಉಂಗುರ ಬಿದ್ದುಹೋದರೆ ಸಿಗುವುದೂ ಅಲ್ಲೇ. ಕಡಿಮೆ ಜಾಗ ಸಾಕು, ನೋಟಕ್ಕೂ ಚೆಂದ. ಆದರೆ ಅನ್ನದ ಅಗುಳು, ಎಣ್ಣೆ, ಚಹಾ ಪುಡಿ ಬೀಳುವ ಅಡುಗೆಮನೆಗೆ ಅದು ಹೊಂದುವುದಿಲ್ಲ, ಬೇಗ ಕಟ್ಟಿಕೊಳ್ಳುತ್ತದೆ. ಸಿಂಕಿಗೆ 'ಪಿ' ಟ್ರ್ಯಾಪ್ ಒಳ್ಳೆಯದು. ಅದು ಬಾಗಿ ಮೇಲೆದ್ದು ಗೋಡೆಯ ಕಡೆಗೆ ಅಡ್ಡವಾಗಿ ಹೋಗುತ್ತದೆ. ಒಳಮೈ ನುಣುಪಾಗಿರುವುದರಿಂದ ಹರಿಯುವ ನೀರೇ ಅದನ್ನು ತೊಳೆಯುತ್ತದೆ.

ಬಾಗಿ ಮೇಲೆದ್ದು ಮತ್ತೆ ನೇರ ಕೆಳಕ್ಕಿಳಿದರೆ ಅದು 'ಎಸ್' ಟ್ರ್ಯಾಪ್. ಸಿಂಕಿಗೆ ಈ ಆಕಾರ ಅಪಾಯಕಾರಿ. ಕೆಳಕ್ಕೆ ಧುಮುಕುವ ನೀರು ತನ್ನ ಹಿಂದಿನ ನೀರನ್ನೂ ಸೆಳೆದುಕೊಂಡು ಹೋಗಿ ಬಾಗನ್ನು ಬರಿದು ಮಾಡುತ್ತದೆ. ಅಮೆರಿಕದ ಕಟ್ಟಡ ನಿಯಮಗಳು ಹೊಸ ಮನೆಗಳಲ್ಲಿ ಇದನ್ನು ಒಪ್ಪುವುದಿಲ್ಲ.

ಬಚ್ಚಲಿನಲ್ಲಿ, ಯುಟಿಲಿಟಿಯಲ್ಲಿ ನೆಲದೊಳಗೆ ಹುದುಗಿರುವುದು ನಹಾನಿ ಟ್ರ್ಯಾಪ್. ಹಲವು ಪ್ಲಂಬರುಗಳ ಬಾಯಲ್ಲಿ ಅದು ನಾನಿ ಟ್ರ್ಯಾಪ್. ಈಗ ಸಿಗುವ ಕೆಲವು ಮಾದರಿಗಳಲ್ಲಿ ಪಕ್ಕಕ್ಕೆ ಎರಡು ಮೂರು ಬಾಯಿಗಳಿರುತ್ತವೆ. ಬೇಸಿನ್ ನೀರು, ಸ್ನಾನದ ನೀರು, ಮಷೀನಿನ ನೀರು ಎಲ್ಲವೂ ಒಂದೇ ಟ್ರ್ಯಾಪಿಗೆ ಬಂದು ಬೀಳುತ್ತವೆ. ಇದರಲ್ಲಿ ದೊಡ್ಡ ಅನುಕೂಲವಿದೆ. ದಿನಕ್ಕೆ ಹತ್ತು ಸಲ ಕೈ ತೊಳೆಯುವ ಬೇಸಿನ್ನೇ ನೆಲದ ಟ್ರ್ಯಾಪಿನ ನೀರನ್ನು ತುಂಬಿಸುತ್ತಿರುತ್ತದೆ. ಸಾರ್ಸ್ ಪಿಡುಗಿನ ನಂತರ ಹಾಂಗ್‌ಕಾಂಗ್‌ನ ಸರ್ಕಾರಿ ವಸತಿಗಳು ಅಳವಡಿಸಿಕೊಂಡ 'ಡಬ್ಲ್ಯು' ಟ್ರ್ಯಾಪಿನ ಹಿಂದೆಯೂ ಇದೇ ತರ್ಕವಿದೆ.

ಮನೆಯ ಹೊರಗೋಡೆಯ ಪಕ್ಕ ಚೌಕಾಕಾರದ ಮುಚ್ಚಳದ ಕೆಳಗಿರುವುದು ಗಲ್ಲಿ ಟ್ರ್ಯಾಪ್. ಅಡುಗೆಮನೆ ಮತ್ತು ಬಚ್ಚಲಿನ ನೀರು ಅದನ್ನು ದಾಟಿಯೇ ಚೇಂಬರಿಗೆ ಹೋಗುತ್ತದೆ. ಶೌಚಾಲಯದ ಪೈಪು ಮಾತ್ರ ಬೇರೆಯಾಗಿ ಹೋಗುತ್ತದೆ. ಬೀದಿಯ ಚರಂಡಿಯ ಗಾಳಿಯೂ ಹುಳುಹುಪ್ಪಟೆಯೂ ಮನೆಯ ಪೈಪಿಗೆ ಹತ್ತದಂತೆ ತಡೆಯುವ ಮೊದಲ ಬಾಗಿಲು ಇದು. ಮುಚ್ಚಳ ತೆಗೆದು ಕಸ ಎತ್ತುವ ಅಭ್ಯಾಸ ಬಹಳ ಮನೆಗಳಲ್ಲಿ ತಪ್ಪಿಹೋಗಿದೆ.

ನೀರು ಕಾಣೆಯಾಗುವ ಬಗೆ

ಮೊದಲನೆಯದು ಆರುವುದು. ಬಳಸದೆ ಬಿಟ್ಟ ಟ್ರ್ಯಾಪಿನ ನೀರು ಕೆಲವು ವಾರಗಳಲ್ಲಿ ಇಂಗುತ್ತದೆ. ಕಲಬುರಗಿ, ಬಳ್ಳಾರಿಯ ಬೇಸಿಗೆಯಲ್ಲಿ ಬೇಗ, ಕರಾವಳಿಯ ತೇವದಲ್ಲಿ ನಿಧಾನ. ಅತಿಥಿಗಳಿಗೆಂದು ಕಟ್ಟಿಸಿದ ಬಚ್ಚಲು, ಬಾಡಿಗೆಗೆ ಹೋಗದ ಫ್ಲ್ಯಾಟು, ರಜೆಗೆ ಬೀಗ ಹಾಕಿದ ಮನೆ ಇವಕ್ಕೆಲ್ಲ ಈ ತೊಂದರೆ ಬರುತ್ತದೆ. ಈಗ ಇದಕ್ಕೆ ಹೊಸದೊಂದು ಸೇರಿದೆ. ಸ್ನಾನದ ಜಾಗಕ್ಕೆ ಗಾಜಿನ ತಡೆ ಹಾಕಿಸಿ ಉಳಿದ ನೆಲವನ್ನು ಒಣಗಿಸಿಯೇ ಇಡುವ ಬಚ್ಚಲುಗಳು ಹೆಚ್ಚುತ್ತಿವೆ. ಆ ಒಣ ಭಾಗದಲ್ಲಿ ಪ್ರತ್ಯೇಕ ಜಾಲರಿಯಿದ್ದರೆ ಅದರ ಕೆಳಗೆ ನೀರು ಬೀಳುವುದೇ ಇಲ್ಲ. ನೋಡಲು ಅಚ್ಚುಕಟ್ಟಾದ ಆ ಬಚ್ಚಲು ಅಮೋಯ್ ಗಾರ್ಡನ್ಸ್‌ನ ಸ್ಥಿತಿಯನ್ನೇ ಮರುಸೃಷ್ಟಿಸುತ್ತದೆ.

ಎರಡನೆಯದನ್ನು ಊಹಿಸುವವರು ಕಡಿಮೆ. ತಲೆಗೂದಲ ಗಂಟೋ ಬಟ್ಟೆಯ ನೂಲೋ ಬಾಗಿನಿಂದ ಅಂಚು ದಾಟಿ ಆಚೆ ಪೈಪಿಗೆ ಜೋತುಬಿದ್ದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆಯುವ ಹಾಗೆ ಅದು ನೀರನ್ನು ಹನಿಹನಿಯಾಗಿ ಆಚೆಗೆ ಸಾಗಿಸುತ್ತದೆ. ಬೆಳಿಗ್ಗೆ ತುಂಬಿದ ಟ್ರ್ಯಾಪ್ ರಾತ್ರಿಯ ಹೊತ್ತಿಗೆ ತಗ್ಗಿರುತ್ತದೆ.

ಮೂರನೆಯದು ಗಾಳಿಯ ಸೆಳೆತ. ಮೇಲಿನ ಮನೆಯಲ್ಲಿ ಬಕೆಟ್ಟುಗಟ್ಟಲೆ ನೀರು ಒಮ್ಮೆಲೆ ಇಳಿದಾಗ ಅದು ಪೈಪಿನೊಳಗೆ ಗಾಳಿಯನ್ನು ಎಳೆದುಕೊಂಡು ಬೀಳುತ್ತದೆ. ಆ ಗಾಳಿ ಎಲ್ಲಿಂದಾದರೂ ಬರಲೇಬೇಕು. ತಾರಸಿಯ ಮೇಲೆ ತೆರೆದ ವೆಂಟ್ ಪೈಪ್ ಇದ್ದರೆ ಅಲ್ಲಿಂದ ಬರುತ್ತದೆ. ಇಲ್ಲದಿದ್ದರೆ ಹತ್ತಿರದ ಟ್ರ್ಯಾಪಿನ ನೀರನ್ನೇ ಹೀರಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಸಿಂಕಿನಲ್ಲಿ ಗುಳುಗುಳು ಸದ್ದು ಕೇಳಿದರೆ ಅದೇ ನಡೆಯುತ್ತಿದೆ ಎಂದು ತಿಳಿಯಬೇಕು. ಕೆಳಗಿನ ಅಂತಸ್ತುಗಳಲ್ಲಿ ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ. ಬೀಳುವ ನೀರು ಮುಂದಿನ ಗಾಳಿಯನ್ನು ಒತ್ತಿ ಟ್ರ್ಯಾಪಿನ ನೀರನ್ನು ಮೇಲಕ್ಕೆ ಉಗುಳಿಸುತ್ತದೆ.

ಹೀಗಿರುವಾಗ ತಾರಸಿಯ ವೆಂಟ್ ಪೈಪಿನ ಬಾಯಿಗೆ ಸೊಳ್ಳೆಯ ಕಾಟಕ್ಕೆಂದು ಪ್ಲಾಸ್ಟಿಕ್ ಚೀಲ ಕಟ್ಟುವುದು, ಸಿಮೆಂಟು ಮೆತ್ತುವುದು ಮನೆಗೆ ಮಾಡಿಕೊಳ್ಳುವ ದೊಡ್ಡ ಹಾನಿ. ಸೊಳ್ಳೆಗೆ ಬಲೆ ಕಟ್ಟಿದರೆ ಸಾಕು. ಪೈಪು ಉಸಿರಾಡಲೇಬೇಕು.

ಟ್ರ್ಯಾಪಿಗೆ ಆಗದ ಕೆಲಸವೂ ಒಂದಿದೆ. ಅದು ಗಾಳಿಯನ್ನು ತಡೆಯುತ್ತದೆ, ಹಿಂದಕ್ಕೆ ನುಗ್ಗುವ ನೀರನ್ನು ತಡೆಯುವುದಿಲ್ಲ. ತಾರಸಿಯ ಮಳೆನೀರನ್ನು ಒಳಚರಂಡಿಗೆ ಜೋಡಿಸಿದ ಬಡಾವಣೆಗಳಲ್ಲಿ ಜೋರು ಮಳೆ ಬಂದಾಗ ಕೊಳಚೆ ನೆಲಮಹಡಿಯ ಜಾಲರಿಗಳಿಂದ ಉಕ್ಕುವುದು ಇದಕ್ಕೇ. ಮಳೆನೀರಿಗೆ ಬೇರೆ ದಾರಿ ಮಾಡುವುದು ಅದಕ್ಕೆ ನಿಜವಾದ ಪರಿಹಾರ. ತಗ್ಗಿನ ಮನೆಗಳಿಗೆ ನೀರು ಹಿಂದೆ ಬರದಂತೆ ತಡೆಯುವ ವಾಲ್ವ್ ಕೂಡ ಬೇಕಾಗುತ್ತದೆ.

ವಾಷಿಂಗ್ ಮಷೀನ್ ತಂದ ತೊಡಕು

ಬಟ್ಟೆ ಒಗೆಯುವ ಕಲ್ಲಿನ ಮೇಲಿಂದ ನೀರು ಬಕೆಟ್ ಬಕೆಟ್ಟಾಗಿ ಸಾವಕಾಶವಾಗಿ ಹರಿಯುತ್ತಿತ್ತು. ಮಷೀನಿನ ಪಂಪು ಆ ನೀರನ್ನು ಕೆಲವೇ ನಿಮಿಷಗಳಲ್ಲಿ ರಭಸದಿಂದ ಹೊರದಬ್ಬುತ್ತದೆ. ಜೊತೆಗೆ ನೂಲಿನ ಎಳೆ ಮತ್ತು ಸೋಪಿನ ನೊರೆ. ಸಣ್ಣ ನಹಾನಿ ಟ್ರ್ಯಾಪಿಗೆ ಇದು ಹೊರೆಯಾಗಿ, ನೀರು ಜಾಲರಿಯ ಮೇಲೆ ಉಕ್ಕಿ ಯುಟಿಲಿಟಿಯ ನೆಲದ ತುಂಬ ಹರಡುತ್ತದೆ.

ಪೈಪಿನ ತುದಿ ಎಲ್ಲಿರಬೇಕು ಎಂಬುದರಲ್ಲೂ ಜನ ಎಡವುತ್ತಾರೆ. ಪಂಪಿರುವ ಮಷೀನಿನ ಪೈಪನ್ನು ನೆಲದಿಂದ ಸುಮಾರು 60ರಿಂದ 100 ಸೆಂಟಿಮೀಟರ್ ಎತ್ತರದಲ್ಲಿ ಕೊಕ್ಕೆಯಂತೆ ತೂಗುಹಾಕಬೇಕೆಂದು ತಯಾರಕರು ಸಾಮಾನ್ಯವಾಗಿ ಹೇಳುತ್ತಾರೆ. ಅದನ್ನು ನೆಲಕ್ಕೆ ಬಿಟ್ಟರೆ ಮಷೀನು ನೀರು ತುಂಬಿಕೊಳ್ಳುತ್ತಿರುವಾಗಲೇ ಇನ್ನೊಂದು ಕಡೆಯಿಂದ ನೀರು ತಾನಾಗಿ ಸೋರಿಹೋಗುತ್ತದೆ. ತೊಟ್ಟಿ ತುಂಬುವುದೇ ಇಲ್ಲ. ಆದರೆ ಪಂಪಿಲ್ಲದ ಸೆಮಿ ಆಟೊಮ್ಯಾಟಿಕ್ ಮಷೀನಿನ ನೀರು ತನ್ನ ಭಾರದಿಂದಲೇ ಇಳಿಯಬೇಕು. ಅದರ ಪೈಪು ತಗ್ಗಿನಲ್ಲೇ ಇರಬೇಕು. ಯಾವ ಮಷೀನು ಎಂಬುದನ್ನು ನೋಡದೆ ಒಂದೇ ಕ್ರಮ ಅನುಸರಿಸಿದರೆ ಕೆಡುತ್ತದೆ.

ಮಷೀನಿನ ಪೈಪನ್ನು ಗೋಡೆಯ ಪೈಪಿನೊಳಗೆ ತೂರಿಸಿ ಸುತ್ತ ಟೇಪು ಸುತ್ತಿ ಗಾಳಿಯಾಡದಂತೆ ಮುಚ್ಚುವುದೂ ತಪ್ಪು. ಸುತ್ತ ಸ್ವಲ್ಪ ಸಂದಿ ಬೇಕು, ಇಲ್ಲದಿದ್ದರೆ ಅದೇ ಸೆಳೆತ ಶುರುವಾಗುತ್ತದೆ. ಸಂದಿಯಿಂದ ವಾಸನೆ ಬರುತ್ತಿದ್ದರೆ, ಗೋಡೆಯ ಆ ಪೈಪಿನ ಕೆಳಗೆ ಟ್ರ್ಯಾಪ್ ಇಲ್ಲವೆಂದೇ ಅರ್ಥ. ಸರಿಪಡಿಸಬೇಕಾದದ್ದು ಅದನ್ನು.

ನೊರೆಯ ಸಮಸ್ಯೆ ಅಪಾರ್ಟ್‌ಮೆಂಟುಗಳದ್ದು. ಹತ್ತಾರು ಮನೆಗಳ ಮಷೀನಿನ ನೀರು ಒಂದೇ ಪೈಪಿನಲ್ಲಿ ಇಳಿದು, ಪೈಪು ಅಡ್ಡಕ್ಕೆ ತಿರುಗುವ ಕಡೆ ನೀರು ಮುಂದೆ ಹೋಗಿ ಹಗುರವಾದ ನೊರೆ ಹಿಂದೆ ಉಳಿಯುತ್ತದೆ. ಮೇಲಿಂದ ಮತ್ತೆ ನೀರು ಬಿದ್ದಾಗ ಒತ್ತಡಕ್ಕೆ ಸಿಕ್ಕ ನೊರೆ ಕೆಳಗಿನ ಮನೆಯ ಜಾಲರಿಯಿಂದ ಎದ್ದುಬರುತ್ತದೆ. ಕೆಳಮನೆಯವರು ಮೇಲಿನವರ ಮೇಲೆ ಜಗಳಕ್ಕೆ ಹೋಗುತ್ತಾರೆ. ಮೇಲಿನವರ ತಪ್ಪು ಬಟ್ಟೆ ಒಗೆದದ್ದಷ್ಟೇ. ಕೆಳಗಿನ ಒಂದೆರಡು ಅಂತಸ್ತುಗಳ ನೀರಿಗೆ ಪ್ರತ್ಯೇಕ ಪೈಪು ಕೊಟ್ಟಿದ್ದರೆ ಇದು ಆಗುತ್ತಿರಲಿಲ್ಲ. ಕಟ್ಟಿ ಮುಗಿದ ಮೇಲೆ ಉಳಿಯುವ ದಾರಿ ಎಂದರೆ ಕಡಿಮೆ ನೊರೆಯ ಪುಡಿಯನ್ನು ಅಳತೆಯಿಟ್ಟು ಬಳಸುವುದು.

ವಾಸನೆಯ ಜಾಡು

ನಾತ ಬಂದಾಗ ಮೊದಲು ಮಾಡಬೇಕಾದ ಕೆಲಸಕ್ಕೆ ದುಡ್ಡು ಬೇಡ. ಪ್ರತಿ ಜಾಲರಿಗೂ ಒಂದೊಂದು ಚೊಂಬು ನೀರು ಹಾಕಿ ಕಾಯಬೇಕು. ವಾಸನೆ ನಿಂತು ವಾರಗಟ್ಟಲೆ ಬರದಿದ್ದರೆ ನೀರು ಆರಿದ್ದೇ ಕಾರಣ. ಕೋವಿಡ್ ಕಾಲದಲ್ಲಿ ಹಾಂಗ್‌ಕಾಂಗ್ ಸರ್ಕಾರ ತನ್ನ ಜನರಿಗೆ ಹೇಳಿದ್ದೂ ಇಷ್ಟೇ: ವಾರಕ್ಕೊಮ್ಮೆ ಪ್ರತಿ ಜಾಲರಿಗೆ ಅರ್ಧ ಲೀಟರ್ ನೀರು. ಊರಿಗೆ ಹೋಗುವ ಮುನ್ನ ನೀರು ತುಂಬಿಸಿ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಬಿಟ್ಟರೆ, ಆ ತೆಳು ಪದರ ನೀರು ಆರುವುದನ್ನು ನಿಧಾನಗೊಳಿಸುತ್ತದೆ.

ಒಂದೇ ದಿನದಲ್ಲಿ ನಾತ ಮರಳಿದರೆ ಕೂದಲು, ನೂಲು, ಬಿರುಕು ಅಥವಾ ಗಾಳಿಯ ಸೆಳೆತವನ್ನು ಹುಡುಕಬೇಕು. ಜಾಲರಿ ಎತ್ತಿ ಟಾರ್ಚ್ ಬಿಟ್ಟರೆ ನೀರು ಮಿನುಗಬೇಕು. ನೀರು ತುಂಬಿದ್ದರೂ ನಾತ ಬರುತ್ತಿದ್ದರೆ ಜಾಲರಿಯ ಅಡಿಯಲ್ಲಿ ಹಿಡಿದ ಲೋಳೆಯನ್ನು ಉಜ್ಜಿ ತೆಗೆಯಬೇಕು. ಅಡುಗೆಮನೆಯಲ್ಲಾದರೆ ಸಿಂಕಿನ ಕೆಳಗೆ ಬಗ್ಗಿ ನೋಡಬೇಕು. ಸುರುಳಿ ಸುರುಳಿಯಾದ ಪ್ಲಾಸ್ಟಿಕ್ ವೇಸ್ಟ್ ಪೈಪು ನೇರವಾಗಿ ನೆಲದ ತೂತಿಗೆ ಇಳಿದಿದೆಯೇ? ಆ ತೂತಿನ ಮುಂದೆ ಎಲ್ಲೂ ಟ್ರ್ಯಾಪ್ ಇಲ್ಲದಿದ್ದರೆ, ಊದುಬತ್ತಿ ಹಚ್ಚಿ ಫಿನಾಯಿಲ್ ಸುರಿದು ಪ್ರಯೋಜನವಿಲ್ಲ.

ಕಟ್ಟಿಕೊಂಡ ಪೈಪಿಗೆ ಆಸಿಡ್ ಸುರಿಯುವ ರೂಢಿ ಅಪಾಯದ್ದು. ಆಸಿಡ್ ಇರುವ ಕಡೆ ಬ್ಲೀಚಿಂಗ್ ಪುಡಿ ಬಿದ್ದರೆ ಶ್ವಾಸಕೋಶವನ್ನು ಸುಡುವ ಕ್ಲೋರಿನ್ ಅನಿಲ ಏಳುತ್ತದೆ. ಟ್ರ್ಯಾಪ್ ಬಿಚ್ಚಿ ಕಸ ತೆಗೆಯುವುದೇ ಸುರಕ್ಷಿತ. ಕೆಳಗೊಂದು ಬಕೆಟ್ ಇಟ್ಟು ಬಿಚ್ಚಬೇಕು, ಮರಳಿ ಕೂರಿಸುವಾಗ ರಬ್ಬರ್ ವಾಷರ್ ತನ್ನ ಜಾಗದಲ್ಲಿದೆಯೇ ನೋಡಬೇಕು.

ಟೈಲ್ಸ್ ಹಾಕುವ ಮೊದಲು

ಮನೆ ಕಟ್ಟಿಸುವವರು ನಲ್ಲಿಯ ಹೊಳಪು, ಟೈಲ್ಸಿನ ಬಣ್ಣ ಆರಿಸಲು ದಿನಗಟ್ಟಲೆ ಅಂಗಡಿ ಸುತ್ತುತ್ತಾರೆ. ನೆಲದೊಳಗೆ ಹೋಗುವ ಟ್ರ್ಯಾಪನ್ನು ಆರಿಸುವ ಕೆಲಸ ಸಾಮಾನ್ಯವಾಗಿ ಗುತ್ತಿಗೆದಾರನಿಗೆ ಬಿಟ್ಟದ್ದು. ಅಂಗಡಿಯಲ್ಲಿ ತೀರ ಆಳವಿಲ್ಲದ, ಬಟ್ಟಲು ಕವುಚಿಟ್ಟಂಥ ಅಗ್ಗದ ಮಾದರಿಗಳೂ ಸಿಗುತ್ತವೆ. ಅವುಗಳಲ್ಲಿ ನಿಲ್ಲುವ ನೀರು ಬೆರಳ ಗೆಣ್ಣಿಗೂ ಬರುವುದಿಲ್ಲ. ಕೊಳ್ಳುವಾಗಲೇ ಟ್ರ್ಯಾಪಿಗೆ ನೀರು ತುಂಬಿಸಿ ಒಂದು ಅಳತೆಪಟ್ಟಿ ಇಳಿಸಿ ನೋಡಬಹುದು. 50 ಮಿಲಿಮೀಟರ್ ಸೀಲ್ ಇಲ್ಲದ್ದನ್ನು ಬೇಡವೆನ್ನಬೇಕು.

ಪ್ಲಂಬರ್ ಜೊತೆ ಕೂತು ಕೇಳಬೇಕಾದ ಪ್ರಶ್ನೆಗಳು ಕೆಲವೇ. ಪ್ರತಿ ಸಿಂಕು, ಬೇಸಿನ್ನು, ಮಷೀನಿನ ನೀರು ಯಾವ ಟ್ರ್ಯಾಪಿಗೆ ಹೋಗುತ್ತದೆ? ಒಂದೇ ಸಾಲಿನಲ್ಲಿ ಎರಡು ಟ್ರ್ಯಾಪುಗಳ ನಡುವೆ ಗಾಳಿಗೆ ದಾರಿಯಿಲ್ಲದೆ ಸಿಕ್ಕಿಬೀಳುವ ಜಾಗವಿದೆಯೇ? ಇದ್ದರೆ ನೀರು ಸದಾ ನಿಧಾನವಾಗಿ ಇಳಿಯುತ್ತದೆ. ವೆಂಟ್ ಪೈಪು ತಾರಸಿಯವರೆಗೂ ಹೋಗುತ್ತದೆಯೇ? ಕಡಿಮೆ ಬಳಸುವ ನೆಲದ ಜಾಲರಿಗೆ ಬೇಸಿನ್ನಿನ ನೀರನ್ನು ಜೋಡಿಸಬಹುದೇ?

ಪೈಪು ಹಾಕಿದ ಮೇಲೆ ಎಲ್ಲ ಟ್ರ್ಯಾಪುಗಳನ್ನೂ ತುಂಬಿಸಿ, ಮೇಲಿನ ಮಹಡಿಯಿಂದ ಎರಡು ಮೂರು ಬಕೆಟ್ ನೀರನ್ನು ಒಟ್ಟಿಗೆ ಸುರಿಸಬೇಕು. ಕೆಳಗೆ ಯಾವ ಟ್ರ್ಯಾಪಿನ ನೀರೂ ತಗ್ಗಬಾರದು, ಯಾವುದೂ ಗುಳುಗುಟ್ಟಬಾರದು. ಮರುದಿನ ಬೆಳಿಗ್ಗೆ ಅದೇ ಮಟ್ಟ ಇದ್ದರೆ ಸೋರಿಕೆಯೂ ಇಲ್ಲ. ಆಗ ಪ್ರತಿ ಟ್ರ್ಯಾಪು ಮತ್ತು ಪೈಪಿನ ಜಾಗವನ್ನು ಗೋಡೆಯಿಂದ ಅಳತೆ ಹಿಡಿದು, ಫೋಟೊ ತೆಗೆದು ಇಟ್ಟುಕೊಳ್ಳಬೇಕು. ಮರಳು, ಸಿಮೆಂಟು, ಟೈಲ್ಸ್ ಅದರ ಮೇಲೆ ಬಿದ್ದ ನಂತರ ಒಂದು ತಪ್ಪು ಟ್ರ್ಯಾಪ್ ಬದಲಿಸಲು ಇಡೀ ಬಚ್ಚಲ ನೆಲ ಒಡೆಯಬೇಕಾಗುತ್ತದೆ.